ಮಣ್ಣಿಲ್ಲದೆ ಬೆಳೆಸುವ ಮನೆಗಿಡಗಳಿಗೆ ದ್ರವ ಗೊಬ್ಬರ: ಮನೆಯಲ್ಲೇ ತಯಾರಿಸುವ ವಿಧಾನ

ಗಾಜಿನ ಸೀಸೆಯಲ್ಲಿ ನೀರು ತುಂಬಿ, ಮನಿಪ್ಲಾಂಟ್ ಬಳ್ಳಿಯ ತುಂಡೊಂದನ್ನು ಅದರಲ್ಲಿ ಇಳಿಬಿಟ್ಟು ಕಿಟಕಿಯ ಬಳಿ ಇಡುವುದು ಹಳ್ಳಿ, ಪಟ್ಟಣವೆನ್ನದೆ ಎಲ್ಲ ಕಡೆಯೂ ಕಂಡುಬರುವ ಪದ್ಧತಿ. ಇತ್ತೀಚಿನ ವರ್ಷಗಳಲ್ಲಿ ಸಿಂಗೋನಿಯಂ, ಫಿಲೋಡೆಂಡ್ರನ್, ಸ್ಪೈಡರ್ ಪ್ಲಾಂಟ್, ಲಕ್ಕಿ ಬ್ಯಾಂಬೂ ಮುಂತಾದ ಗಿಡಗಳೂ ಹೀಗೆಯೇ ನೀರಿನಲ್ಲಿ, ಬೆಣಚುಕಲ್ಲಿನಲ್ಲಿ ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಯುತ್ತಿವೆ. ಪಟ್ಟಣಗಳಿಗೆ ಹತ್ತಿರವಿರುವ ಹಳ್ಳಿಗಳ ಕೆಲವು ರೈತ ಮಹಿಳೆಯರು ಇಂಥ ಗಿಡಗಳನ್ನು ಬೇರೂರಿಸಿ ಮಾರಿ ನಾಲ್ಕು ಕಾಸು ಸಂಪಾದಿಸುತ್ತಲೂ ಇದ್ದಾರೆ. ಆದರೆ ಕೊಂಡವರು ಎರಡು ಮೂರು ತಿಂಗಳ ನಂತರ ಹೇಳುವ ಮಾತು ಒಂದೇ: "ಮೊದಲು ಚೆನ್ನಾಗಿತ್ತು, ಆಮೇಲೆ ಎಲೆ ಹಳದಿಯಾಯಿತು, ಬೆಳವಣಿಗೆ ನಿಂತುಹೋಯಿತು." ಹಾಗೆ ಹೇಳಿದ ಗಿರಾಕಿ ಮತ್ತೆ ಬರುವುದು ಕಡಿಮೆ.

ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ಕತ್ತರಿಸಿದ ಬಳ್ಳಿಯ ಕಾಂಡದಲ್ಲಿ ಮತ್ತು ಹಳೆಯ ಎಲೆಗಳಲ್ಲಿ ಸ್ವಲ್ಪ ಆಹಾರ ಸಂಗ್ರಹವಾಗಿರುತ್ತದೆ. ಬೇರು ಬಿಡುವುದೂ, ಮೊದಲ ಎರಡು ಮೂರು ಎಲೆ ಹೊರಡುವುದೂ ಆ ಗಂಟಿನಿಂದಲೇ. ಅದು ತೀರಿದ ಮೇಲೆ ಬರೀ ನೀರಿನಿಂದ ಗಿಡ ಬದುಕಬಹುದೇ ಹೊರತು ಬೆಳೆಯಲಾರದು. ಆಗ ಕೆಲವರು ಚಿಟಿಕೆ ಯೂರಿಯಾ ಹಾಕುತ್ತಾರೆ, ಕೆಲವರು ಡಿ.ಎ.ಪಿ. ಕಾಳು ಹಾಕುತ್ತಾರೆ. ಮತ್ತೆ ಕೆಲವರು ಅಂಗಡಿಯಿಂದ ಬಣ್ಣದ ನೀರಿನ ಸಣ್ಣ ಸೀಸೆಯನ್ನು ದುಬಾರಿ ಬೆಲೆ ಕೊಟ್ಟು ತರುತ್ತಾರೆ. ಮೊದಲಿನ ಎರಡರಿಂದ ಗಿಡಕ್ಕೆ ಹಾನಿ, ಮೂರನೆಯದರಿಂದ ಜೇಬಿಗೆ ಹಾನಿ. ಹನಿ ನೀರಾವರಿಯಲ್ಲಿ ಗೊಬ್ಬರ ಕೊಡುವ ರೈತರ ಮನೆಯ ಮೂಲೆಯಲ್ಲಿ ಉಳಿದಿರುವ ನೀರಿನಲ್ಲಿ ಕರಗುವ ಗೊಬ್ಬರಗಳಿಂದಲೇ ಒಳ್ಳೆಯ ಪೋಷಕ ದ್ರಾವಣವನ್ನು ತಯಾರಿಸಿಕೊಳ್ಳಬಹುದು. ಅದರ ಕ್ರಮವನ್ನೂ, ಹಾಗೇಕೆ ಮಾಡಬೇಕೆಂಬ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

ಮಣ್ಣು ಮಾಡುತ್ತಿದ್ದ ಕೆಲಸ

ಹೊಲದಲ್ಲಿ ಯೂರಿಯಾ ಒಂದು ಮುಷ್ಟಿ ಹೆಚ್ಚಾಗಿ ಬಿದ್ದರೂ ಬೆಳೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಏಕೆಂದರೆ ನಡುವೆ ಮಣ್ಣು ಇದೆ. ಮಣ್ಣಿನ ಜೇಡಿಕಣಗಳು ಮತ್ತು ಸಾವಯವ ಅಂಶ ಪೋಷಕಾಂಶಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತವೆ. ಯೂರಿಯಾ ಮೊದಲು ಅಮೋನಿಯಾ ರೂಪಕ್ಕೆ, ಅನಂತರ ನೈಟ್ರೇಟ್ ರೂಪಕ್ಕೆ ತಿರುಗುವುದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಕೆಲಸದಿಂದ. ಸುಣ್ಣ, ಮೆಗ್ನೀಸಿಯಂ, ಕಬ್ಬಿಣ, ಸತು ಮುಂತಾದವನ್ನು ನಾವು ಹಾಕದಿದ್ದರೂ ಮಣ್ಣು ತನ್ನಲ್ಲಿರುವುದನ್ನು ಅಷ್ಟಿಷ್ಟು ಒದಗಿಸುತ್ತದೆ. ಹುಳಿ, ಕ್ಷಾರಗಳ ಏರಿಳಿತವನ್ನು ಕೂಡ ಮಣ್ಣು ತಾಳಿಕೊಂಡು ಬೇರಿಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತದೆ.

ಸೀಸೆಯ ನೀರಿನಲ್ಲಿ ಇವಾವುವೂ ಇಲ್ಲ. ಅಲ್ಲಿ ಹಾಕಿದ ಯೂರಿಯಾ ನೈಟ್ರೇಟ್ ಆಗಿ ಬದಲಾಗಲು ಬೇಕಾದಷ್ಟು ಸೂಕ್ಷ್ಮಜೀವಿಗಳಿರುವುದಿಲ್ಲ. ಅಮೋನಿಯಾ ಹೆಚ್ಚಾಗಿ ಸೇರಿಕೊಂಡು ಬೇರಿನ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಡಿ.ಎ.ಪಿ. ಪೂರ್ತಿ ಕರಗುವುದಿಲ್ಲ, ಅದರಲ್ಲಿರುವ ಸಾರಜನಕವೂ ಅಮೋನಿಯಾ ರೂಪದ್ದೇ. 19:19:19 ಚೆನ್ನಾಗಿ ಕರಗುತ್ತದೆ, ಆದರೆ ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ, ಸುಣ್ಣವಂತೂ ಅದರಲ್ಲಿ ಇಲ್ಲವೇ ಇಲ್ಲ. ತೋಟಕ್ಕೆ ಅದು ಒಳ್ಳೆಯ ಗೊಬ್ಬರ. ಮಣ್ಣಿಲ್ಲದ ಗಿಡಕ್ಕೆ ಅದೊಂದನ್ನೇ ನಂಬಿಕೊಂಡರೆ ಆಗದು.

ಜೀವಾಮೃತ, ಗೋಮೂತ್ರ, ಹಿಂಡಿ ನೆನೆಸಿದ ನೀರು ಇವುಗಳನ್ನು ಸೀಸೆಗೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಇವೆಲ್ಲ ಮಣ್ಣಿನ ಜೀವಿಗಳಿಗೆ ಉಣಿಸುವ ವಸ್ತುಗಳು. ಮಣ್ಣೇ ಇಲ್ಲದಲ್ಲಿ ಅವು ಕೊಳೆತು, ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ತಿಂದು ಹಾಕಿ, ಬೇರನ್ನೂ ಕೊಳೆಸುತ್ತವೆ. ಕೋಣೆಯೊಳಗೆ ನಾತ ಬೇರೆ. ಅವನ್ನು ಹಿತ್ತಲಿನ ಗಿಡಕ್ಕೆ ಹಾಕುವುದು ಲೇಸು.

ಇದು ಹೊಸ ವಿದ್ಯೆಯಲ್ಲ

ಗಿಡಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಮಣ್ಣಿಲ್ಲದೆಯೂ ಬೆಳೆಸಬಹುದೆಂಬುದನ್ನು 1860ರ ದಶಕದಲ್ಲೇ ಜರ್ಮನಿಯ ಸಾಕ್ಸ್ ಮತ್ತು ನಾಪ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹೋಗ್ಲೆಂಡ್ ಮತ್ತು ಆರ್ನನ್ ಅವರು 1938ರಲ್ಲಿ ಪ್ರಕಟಿಸಿದ ದ್ರಾವಣದ ಸೂತ್ರವನ್ನು ಇಂದಿಗೂ ಪ್ರಪಂಚದಾದ್ಯಂತ ಪ್ರಯೋಗಶಾಲೆಗಳಲ್ಲಿ ಬಳಸುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸ ಮೊದಲು ನಡೆದ ಸ್ಥಳಗಳಲ್ಲಿ ಮುಖ್ಯವಾದದ್ದು ಡಾರ್ಜಿಲಿಂಗ್ ಪ್ರದೇಶದ ಕಾಲಿಂಪಾಂಗ್. ಅಲ್ಲಿ 1946ರ ಸುಮಾರಿಗೆ ಶೋಲ್ಟೋ ಡಗ್ಲಾಸ್ ಎಂಬುವರು ದುಬಾರಿ ಯಂತ್ರೋಪಕರಣಗಳಿಲ್ಲದೆ, ಕಲ್ಲುಚೂರು ಮತ್ತು ಮರಳು ತುಂಬಿದ ತೊಟ್ಟಿಗಳಲ್ಲಿ, ಪೇಟೆಯಲ್ಲಿ ಸಿಗುವ ಗೊಬ್ಬರಗಳಿಂದಲೇ ಬೆಳೆ ತೆಗೆಯುವ ಸರಳ ಕ್ರಮವನ್ನು ರೂಪಿಸಿದರು. 1951ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ಅದಕ್ಕೆ 'ಬಂಗಾಳ ಪದ್ಧತಿ' ಎಂಬ ಹೆಸರೇ ನಿಂತಿತು. ಬಡ ರೈತನ ಕೈಗೆಟುಕದ ವಿದ್ಯೆಯಿದು ಎಂದು ಈಗ ಕೆಲವರು ಹೇಳುವಾಗ ಕಾಲಿಂಪಾಂಗಿನ ಆ ತೊಟ್ಟಿಗಳನ್ನು ನೆನೆಯುವುದು ಒಳ್ಳೆಯದು.

ಗಿಡದ ಬೆಳವಣಿಗೆಗೆ ಅವಶ್ಯವೆಂದು ಗುರುತಿಸಿರುವ ಮೂಲವಸ್ತುಗಳು 17. ಇವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ದೊರೆಯುತ್ತವೆ. ಕ್ಲೋರಿನ್ ಮತ್ತು ನಿಕ್ಕಲ್ ನೀರಿನಲ್ಲಿ, ಗೊಬ್ಬರದ ಕಲ್ಮಶದಲ್ಲಿ ಬೇಕಾದಷ್ಟು ಇದ್ದೇ ಇರುತ್ತವೆ. ಉಳಿದ 12ನ್ನು ನಾವೇ ಒದಗಿಸಬೇಕು. ಅವುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ ಮತ್ತು ಗಂಧಕ ಹೆಚ್ಚು ಪ್ರಮಾಣದಲ್ಲಿ ಬೇಕು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ ಅತ್ಯಲ್ಪ ಸಾಕು.

ಎರಡು ಸೀಸೆಗಳೇಕೆ?

ಪ್ರತಿಸಲ ಗ್ರಾಂ ಲೆಕ್ಕದಲ್ಲಿ ತೂಗುವುದು ಕಷ್ಟವಾದ್ದರಿಂದ ಮೊದಲು ಗಟ್ಟಿಯಾದ ಮೂಲ ದ್ರಾವಣವನ್ನು ಮಾಡಿಟ್ಟುಕೊಂಡು, ಬೇಕಾದಾಗ ನೀರಿಗೆ ಬೆರೆಸಿ ತೆಳುವಾಗಿಸುವುದು ಅನುಕೂಲ. ಎಲ್ಲ ಗೊಬ್ಬರಗಳನ್ನೂ ಒಂದೇ ಸೀಸೆಯಲ್ಲಿ ಕರಗಿಸಲು ಹೊರಟರೆ ಕೆಲಸ ಕೆಡುತ್ತದೆ. ಸುಣ್ಣವು ಗಟ್ಟಿ ದ್ರಾವಣದಲ್ಲಿ ಗಂಧಕದೊಡನೆ ಸೇರಿದರೆ ಜಿಪ್ಸಂ ಆಗುತ್ತದೆ, ರಂಜಕದೊಡನೆ ಸೇರಿದರೆ ಕರಗದ ಸುಣ್ಣದ ಫಾಸ್ಫೇಟ್ ಆಗುತ್ತದೆ. ಎರಡೂ ಬಿಳಿ ಮಡ್ಡಿಯಾಗಿ ತಳ ಸೇರುತ್ತವೆ. ತಳ ಸೇರಿದ್ದು ಗಿಡಕ್ಕೆ ದೊರೆಯುವುದಿಲ್ಲ. ಹನಿ ನೀರಾವರಿಯ ತೊಟ್ಟಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟನ್ನೂ ರಂಜಕದ ಗೊಬ್ಬರವನ್ನೂ ಒಟ್ಟಿಗೆ ಹಾಕಿ ಹನಿ ತೂತುಗಳು ಕಟ್ಟಿಹೋದ ಅನುಭವ ಇದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾಕಷ್ಟು ನೀರಿನಲ್ಲಿ ತೆಳುವಾದ ಮೇಲೆ ಇವು ಒಂದರ ಜೊತೆ ಒಂದು ಇರಬಲ್ಲವು. ಆದ್ದರಿಂದ ಸುಣ್ಣಕ್ಕೆ ಒಂದು ಸೀಸೆ, ಗಂಧಕ ಮತ್ತು ರಂಜಕಗಳಿಗೆ ಇನ್ನೊಂದು ಸೀಸೆ.

ಪ್ರಮಾಣ

'ಅ' ಸೀಸೆ: ಒಂದು ಲೀಟರ್ ದ್ರಾವಣಕ್ಕೆ ಕ್ಯಾಲ್ಸಿಯಂ ನೈಟ್ರೇಟ್ 50 ಗ್ರಾಂ, ಶೇಕಡ 12 ಕಬ್ಬಿಣವಿರುವ ಇ.ಡಿ.ಟಿ.ಎ. ಕಬ್ಬಿಣ 2 ಗ್ರಾಂ.

'ಆ' ಸೀಸೆ: ಒಂದು ಲೀಟರ್ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್, ಅಂದರೆ 13:0:45 ಗೊಬ್ಬರ, 25 ಗ್ರಾಂ, ಮೊನೊ ಪೊಟ್ಯಾಸಿಯಂ ಫಾಸ್ಫೇಟ್, ಅಂದರೆ 0:52:34 ಗೊಬ್ಬರ, 10 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 25 ಗ್ರಾಂ, ಮುಂದೆ ಹೇಳಿರುವ ಲಘು ಪೋಷಕಾಂಶಗಳ ದ್ರಾವಣ 50 ಮಿಲಿ ಲೀಟರ್.

ಪ್ರತಿಯೊಂದಕ್ಕೂ ಮೊದಲು ಮುಕ್ಕಾಲು ಲೀಟರ್ ಉಗುರು ಬೆಚ್ಚಗಿನ ನೀರನ್ನು ತೆಗೆದುಕೊಂಡು, ಗೊಬ್ಬರಗಳನ್ನು ಒಂದಾದ ಮೇಲೊಂದು ಪೂರ್ತಿ ಕರಗಿಸಿ, ಕೊನೆಯಲ್ಲಿ ನೀರು ಸೇರಿಸಿ ಒಂದು ಲೀಟರಿಗೆ ತರಬೇಕು. ಈ ನೈಟ್ರೇಟ್ ಗೊಬ್ಬರಗಳು ಕರಗುವಾಗ ಪಾತ್ರೆ ತಣ್ಣಗಾಗುವುದು ಸಹಜ. ಬೆಚ್ಚಗಿನ ನೀರು ಹೇಳಿರುವುದು ಅದಕ್ಕಾಗಿಯೇ. ಮೂಲ ದ್ರಾವಣಗಳನ್ನು ಮಳೆ ನೀರಿನಲ್ಲಿ ಅಥವಾ ಆರ್.ಓ. ಶುದ್ಧೀಕರಿಸಿದ ನೀರಿನಲ್ಲಿ ಮಾಡುವುದು ಉತ್ತಮ. ಗಡಸು ನೀರಿನಲ್ಲಿ ಮಾಡಿದರೆ ನೀರಿನಲ್ಲಿರುವ ಸುಣ್ಣವೇ 'ಆ' ಸೀಸೆಯಲ್ಲಿ ಮಡ್ಡಿ ಕಟ್ಟಿಸಬಹುದು.

ಒಂದು ಲೀಟರ್ ನೀರಿಗೆ 'ಅ' ಸೀಸೆಯಿಂದ 10 ಮಿಲಿ ಹಾಕಿ ಕಲಕಿ, ಅನಂತರ 'ಆ' ಸೀಸೆಯಿಂದ 10 ಮಿಲಿ ಹಾಕಿ ಕಲಕಿದರೆ ಪೂರ್ಣ ಪ್ರಮಾಣದ ದ್ರಾವಣ ಸಿದ್ಧ. ಎರಡು ಮೂಲ ದ್ರಾವಣಗಳನ್ನು ನೀರಿಗೆ ಹಾಕುವ ಮೊದಲೇ ಒಂದಕ್ಕೊಂದು ಬೆರೆಸಬಾರದು. ಅಳತೆಗೆ ಔಷಧದ ಸೀಸೆಯ ಮುಚ್ಚಳವೋ ಸೂಜಿ ತೆಗೆದ ಸಿರಿಂಜೋ ಸಾಕು, ಆದರೆ ಅದನ್ನು ಬೇರೆ ಕೆಲಸಕ್ಕೆ ಬಳಸಬೇಡಿ. ಈ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 110 ಮಿಲಿ ಗ್ರಾಂ ಸಾರಜನಕ, 23 ಮಿಲಿ ಗ್ರಾಂ ರಂಜಕ, 120 ಮಿಲಿ ಗ್ರಾಂ ಪೊಟ್ಯಾಸಿಯಂ, 94 ಮಿಲಿ ಗ್ರಾಂ ಸುಣ್ಣದ ಅಂಶ, 24 ಮಿಲಿ ಗ್ರಾಂ ಮೆಗ್ನೀಸಿಯಂ ಇರುತ್ತವೆ. ಹೋಗ್ಲೆಂಡ್ ಸೂತ್ರದ ಹೆಚ್ಚುಕಡಿಮೆ ಅರ್ಧದಷ್ಟು ಇದು. ಟೊಮ್ಯಾಟೊದಂತೆ ಹಸಿದು ಉಣ್ಣುವ ಬೆಳೆಗೆ ಆ ಪೂರ್ಣ ಸೂತ್ರ ಬೇಕಾದೀತು, ಮನೆಗಿಡಕ್ಕೆ ಬೇಕಿಲ್ಲ.

ಲಘು ಪೋಷಕಾಂಶಗಳ ವಿಷಯದಲ್ಲಿ ತೂಕವೇ ತೊಡಕು. ಒಂದು ಲೀಟರ್ ಲಘು ಪೋಷಕ ದ್ರಾವಣಕ್ಕೆ ಬೋರಿಕ್ ಆಮ್ಲ 3 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ ಒಂದೂವರೆ ಗ್ರಾಂ, ಸತುವಿನ ಸಲ್ಫೇಟ್ ಕಾಲು ಗ್ರಾಂ, ಮೈಲುತುತ್ತ ಗ್ರಾಂನ ಹತ್ತನೆಯ ಒಂದು ಭಾಗ, ಅಮೋನಿಯಂ ಮಾಲಿಬ್ಡೇಟ್ 20 ಮಿಲಿ ಗ್ರಾಂ ಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇದು ಸಾಧ್ಯವಿಲ್ಲ. ಕಣ್ಣಳತೆಯಲ್ಲಿ ಹಾಕಲೇಬಾರದು. ತಾಮ್ರ ಮತ್ತು ಬೋರಾನ್ ಸ್ವಲ್ಪ ಹೆಚ್ಚಾದರೂ ಬೇರಿಗೆ ವಿಷ. ಮಹಿಳಾ ಸಂಘದವರು ಅಥವಾ ಹತ್ತಿಪ್ಪತ್ತು ಮನೆಯವರು ಸೇರಿ ಒಮ್ಮೆಗೇ 10 ಲೀಟರ್ ಮಾಡಿಕೊಳ್ಳುವುದು ಇದಕ್ಕೆ ಸುಲಭ ದಾರಿ. ಆಗ ಕ್ರಮವಾಗಿ 30 ಗ್ರಾಂ, 15 ಗ್ರಾಂ, ಎರಡೂವರೆ ಗ್ರಾಂ, 1 ಗ್ರಾಂ ಮತ್ತು ಗ್ರಾಂನ ಐದನೆಯ ಒಂದು ಭಾಗ ಆಗುತ್ತದೆ. ಇಷ್ಟನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಅಥವಾ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ತೂಗಿಸಿಕೊಳ್ಳಬಹುದು. ವಿಸ್ತರಣಾ ಕಾರ್ಯಕರ್ತರು ಈ ಒಂದು ಸಹಾಯವನ್ನು ಮಾಡಿಕೊಟ್ಟರೆ ಉಳಿದದ್ದನ್ನು ಮನೆಯವರೇ ಮಾಡಿಕೊಳ್ಳುತ್ತಾರೆ. ಆ 10 ಲೀಟರಿನಿಂದ 'ಆ' ಸೀಸೆಯ ದ್ರಾವಣ 200 ಲೀಟರ್ ಮಾಡಬಹುದಾದ್ದರಿಂದ ಒಂದು ಊರಿಗೇ ಸಾಕು.

ಖರ್ಚಿನ ಲೆಕ್ಕವನ್ನೂ ಗಮನಿಸಿ. ಒಂದು ಕಿಲೋ ಕ್ಯಾಲ್ಸಿಯಂ ನೈಟ್ರೇಟಿನಿಂದ 2,000 ಲೀಟರ್ ಸಿದ್ಧ ದ್ರಾವಣವಾಗುತ್ತದೆ. ಒಂದು ಕಿಲೋ 13:0:45 ಗೊಬ್ಬರದಿಂದ 4,000 ಲೀಟರ್, ಒಂದು ಕಿಲೋ 0:52:34 ಗೊಬ್ಬರದಿಂದ 10,000 ಲೀಟರ್. ದ್ರಾಕ್ಷಿಗೋ ಟೊಮ್ಯಾಟೊಗೋ ತಂದ ಚೀಲದ ತಳದಲ್ಲಿ ಉಳಿಯುವುದು ಇದಕ್ಕಿಂತ ಹೆಚ್ಚು. ಅಂಗಡಿಯ ಸಣ್ಣ ಸೀಸೆಯಲ್ಲಿ ನೀವು ಕೊಳ್ಳುವುದು ಬಹುಪಾಲು ನೀರನ್ನೇ.

ನಿಮ್ಮ ನೀರು ಯಾವುದು?

ಒಂದೇ ಸೂತ್ರ ಎಲ್ಲ ಊರಿಗೂ ಹೊಂದುವುದಿಲ್ಲ. ಪುಸ್ತಕದ ಸೂತ್ರಗಳನ್ನು ಹಾಗೆಯೇ ಅನುಸರಿಸಿದವರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಮಲೆನಾಡು ಮತ್ತು ಕರಾವಳಿಯ ಬಾವಿ ನೀರು ಸಾಮಾನ್ಯವಾಗಿ ಮೃದು, ಅದರಲ್ಲಿ ಸುಣ್ಣ ಕಡಿಮೆ. ಅಲ್ಲಿ ಮೇಲಿನ ಪ್ರಮಾಣವನ್ನು ಬದಲಿಸಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ವಿಜಯಪುರದಂಥ ಬಯಲು ಜಿಲ್ಲೆಗಳ ಆಳದ ಕೊಳವೆ ಬಾವಿಗಳ ನೀರು ಹಲವೆಡೆ ಗಡಸು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ, ಸಾಬೂನು ನೊರೆ ಬರಲು ಸತಾಯಿಸಿದರೆ ಪರೀಕ್ಷೆಯಿಲ್ಲದೆಯೇ ಅದು ಗಡಸು ನೀರೆಂದು ತಿಳಿಯಬಹುದು.

ಗಡಸು ನೀರಿನಲ್ಲಿ ಸುಣ್ಣ ಈಗಾಗಲೇ ಇದೆ, ಅದು ತೊಂದರೆಯಲ್ಲ. ತೊಂದರೆ ಕೊಡುವುದು ಅದರ ಜೊತೆಗಿರುವ ಬೈಕಾರ್ಬೊನೇಟ್. ಅದು ದ್ರಾವಣದ ರಸಸಾರವನ್ನು ಏರಿಸುತ್ತ ಹೋಗುತ್ತದೆ. ಮಣ್ಣಿಲ್ಲದ ಗಿಡಗಳಿಗೆ ರಸಸಾರ 5.5ರಿಂದ 6.5ರೊಳಗೆ ಇರಬೇಕು. 7ನ್ನು ದಾಟಿದರೆ ಇ.ಡಿ.ಟಿ.ಎ. ಕಬ್ಬಿಣ ತನ್ನ ಹಿಡಿತ ಬಿಟ್ಟು ತುಕ್ಕಿನಂತೆ ತಳ ಸೇರುತ್ತದೆ. ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ. ಸುಣ್ಣಯುಕ್ತ ಕಪ್ಪು ಮಣ್ಣಿನಲ್ಲಿ ಕಡಲೆಕಾಯಿ ಬಿಳಿಚಿಕೊಳ್ಳುವುದೂ ಇದೇ ಕಾರಣದಿಂದ.

ಇದಕ್ಕೆ ಅತ್ಯುತ್ತಮ ಪರಿಹಾರ ಮಳೆ ನೀರು. ಮೊದಲ ಮಳೆಯನ್ನು ಬಿಟ್ಟು, ಆಮೇಲಿನ ಮಳೆಯಲ್ಲಿ ಚಾವಣಿಯಿಂದ ಹಿಡಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಇಟ್ಟುಕೊಂಡರೆ ಮನೆಗಿಡಗಳಿಗೆ ತಿಂಗಳುಗಟ್ಟಲೆ ಬರುತ್ತದೆ. ಪೂರ್ತಿ ಮಳೆ ನೀರು ಇಲ್ಲದಿದ್ದರೆ ಅರ್ಧಕ್ಕರ್ಧ ಕೊಳವೆ ಬಾವಿ ನೀರಿನೊಡನೆ ಬೆರೆಸಬಹುದು. ಅದೂ ಇಲ್ಲದವರು ಸೂತ್ರವನ್ನು ಹೀಗೆ ಮಾರ್ಪಡಿಸಿಕೊಳ್ಳಬಹುದು: 'ಅ' ಸೀಸೆಯಲ್ಲಿ ಕ್ಯಾಲ್ಸಿಯಂ ನೈಟ್ರೇಟನ್ನು 35 ಗ್ರಾಂಗೆ ಇಳಿಸಿ, ಇ.ಡಿ.ಟಿ.ಎ. ಬದಲು ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣವನ್ನು ಹಾಕುವುದು. ಇದರಲ್ಲಿ ಕಬ್ಬಿಣ ಸುಮಾರು ಶೇಕಡ 6 ಮಾತ್ರ ಇರುವುದರಿಂದ 4 ಗ್ರಾಂ ಬೇಕು. 'ಆ' ಸೀಸೆಯಲ್ಲಿ 0:52:34 ಬದಲು 12:61:0 ಗೊಬ್ಬರ 8 ಗ್ರಾಂ, ಮತ್ತು 13:0:45 ಗೊಬ್ಬರವನ್ನು 30 ಗ್ರಾಂಗೆ ಏರಿಸುವುದು. 12:61:0ರಲ್ಲಿರುವ ಅಲ್ಪ ಅಮೋನಿಯಾವನ್ನು ಬೇರು ಹೀರುವಾಗ ಹುಳಿಯನ್ನು ಹೊರಬಿಡುತ್ತದೆ. ಹೀಗೆ ರಸಸಾರ ಏರುವುದನ್ನು ಗಿಡವೇ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅಮೋನಿಯಾ ವಿಷವೆಂದು ಮೇಲೆ ಹೇಳಿದ್ದು ಅದು ಅತಿಯಾದಾಗ. ಒಟ್ಟು ಸಾರಜನಕದಲ್ಲಿ ಎಂಟನೆಯ ಒಂದು ಭಾಗದಷ್ಟು ಮಾತ್ರ ಇರುವಾಗ ಅದು ಸಹಾಯಕ.

ರಸಸಾರ ನೋಡುವ ಕಾಗದದ ಪಟ್ಟಿಗಳು ಅಗ್ಗವಾಗಿ ಸಿಗುತ್ತವೆ. ರಸಸಾರ ಇಳಿಸಲು ಅಡುಗೆಗೆ ಬಳಸುವ ಸಿಟ್ರಿಕ್ ಆಮ್ಲದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಬಹುದು. ಆದರೆ ಅದರ ಗುಣ ಕೆಲವು ದಿನ ಮಾತ್ರ, ಏಕೆಂದರೆ ಸೂಕ್ಷ್ಮಜೀವಿಗಳು ಅದನ್ನು ತಿಂದುಬಿಡುತ್ತವೆ. ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳನ್ನು ಮನೆಯೊಳಗೆ ತರುವುದನ್ನು ನಾನು ಸಲಹೆ ಮಾಡಲಾರೆ. ನಾಲ್ಕು ಗಿಡಕ್ಕಾಗಿ ಕೈ, ಕಣ್ಣು ಸುಟ್ಟುಕೊಳ್ಳುವುದು ಬೇಡ. ಇನ್ನೊಂದು ಎಚ್ಚರಿಕೆ: ಉಪ್ಪು ಹಾಕಿ ನೀರನ್ನು ಮೃದುಗೊಳಿಸುವ ಯಂತ್ರ ಹಲವು ಪಟ್ಟಣದ ಮನೆಗಳಲ್ಲಿದೆ. ಆ ನೀರು ಗಿಡಕ್ಕೆ ಬೇಡ, ಅದರಲ್ಲಿ ಸುಣ್ಣದ ಬದಲು ಸೋಡಿಯಂ ಸೇರಿರುತ್ತದೆ. ಆರ್.ಓ. ಯಂತ್ರ ಹೊರಚೆಲ್ಲುವ ನೀರೂ ಬೇಡ.

ಕೊಡುವ ಕ್ರಮ

ಕತ್ತರಿಸಿದ ತುಂಡುಗಳು ಬೇರು ಬಿಡುವವರೆಗೆ ಬರೀ ನೀರು ಸಾಕು. ಬೇರು ಎರಡು ಅಂಗುಲ ಬೆಳೆದ ಮೇಲೆ ದ್ರಾವಣ ಪ್ರಾರಂಭಿಸಬೇಕು. ಕೋಣೆಯೊಳಗೆ ಬೆಳಕು ಕಡಿಮೆಯಿರುವಲ್ಲಿ ಅರ್ಧ ಪ್ರಮಾಣ, ಅಂದರೆ ಲೀಟರಿಗೆ ಎರಡೂ ಸೀಸೆಗಳಿಂದ 5 ಮಿಲಿಯಂತೆ. ಜಗಲಿ, ತಾರಸಿಯ ನೆರಳುಮನೆ ಮುಂತಾದ ಒಳ್ಳೆಯ ಬೆಳಕಿನಲ್ಲಿ ಪೂರ್ಣ ಪ್ರಮಾಣ. ಬೆಳಕಿಲ್ಲದ ಕಡೆ ಗೊಬ್ಬರ ಹೆಚ್ಚಿಸಿದರೆ ಗಿಡ ಹೆಚ್ಚು ಬೆಳೆಯುವುದಿಲ್ಲ, ಎಲೆಯಂಚು ಸುಡುತ್ತದೆ ಅಷ್ಟೆ. ಕುಡಿಯುವ ನೀರಿನ ಯಂತ್ರ ರಿಪೇರಿ ಮಾಡುವವರು ಬಳಸುವ ಪೆನ್ನಿನಂಥ ಲವಣ ಮಾಪಕ ಇದ್ದರೆ, ಪೂರ್ಣ ಪ್ರಮಾಣದ ದ್ರಾವಣದಲ್ಲಿ ಅದು ಬರೀ ನೀರಿನ ಅಂಕಿಗಿಂತ ಸುಮಾರು 500ರಿಂದ 600ರಷ್ಟು ಹೆಚ್ಚು ತೋರಿಸಬೇಕು. ಬಹಳ ವ್ಯತ್ಯಾಸವಿದ್ದರೆ ತೂಕದಲ್ಲಿಯೋ ಅಳತೆಯಲ್ಲಿಯೋ ತಪ್ಪಾಗಿದೆಯೆಂದು ತಿಳಿಯಬೇಕು.

ಬೇರಿಗೆ ಗಾಳಿಯೂ ಬೇಕು. ಬತ್ತದ ಬೇರಿನಂತೆ ಎಲ್ಲ ಗಿಡದ ಬೇರೂ ನಿಂತ ನೀರಿನಲ್ಲಿ ಬದುಕುವುದಿಲ್ಲ. ಆದ್ದರಿಂದ ಸೀಸೆಯಲ್ಲಿ ಬೇರಿನ ಮೇಲಿನ ಮೂರನೆಯ ಒಂದು ಭಾಗ ನೀರಿನಿಂದ ಹೊರಗಿರುವಂತೆ ದ್ರಾವಣ ತುಂಬಬೇಕು. ಗಾಜಿನ ಸೀಸೆಗೆ ಬಣ್ಣದ ಕಾಗದವೋ ಬಟ್ಟೆಯೋ ಸುತ್ತಿದರೆ ಪಾಚಿ ಕಟ್ಟುವುದಿಲ್ಲ.

ಸೀಸೆಯ ದ್ರಾವಣವನ್ನು ವಾರಕ್ಕೊಮ್ಮೆ ಪೂರ್ತಿ ಬದಲಿಸುವುದನ್ನು ಕಡ್ಡಾಯವೆಂದು ತಿಳಿಯಬೇಕು. ಗಿಡದ ದೃಷ್ಟಿಯಿಂದ ಹದಿನೈದು ದಿನಕ್ಕೊಮ್ಮೆ ಬದಲಿಸಿದರೂ ನಡೆದೀತು. ಆದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ಶುಭ್ರವಾದ, ನಿಂತ, ಸ್ವಲ್ಪ ನೀರಿನಲ್ಲಿಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮನಿಪ್ಲಾಂಟ್ ಸೀಸೆ ಮನೆಯೊಳಗೇ ಸೊಳ್ಳೆ ಸಾಕುವ ತೊಟ್ಟಿಯಾಗಬಾರದು. ಡೆಂಗ್ಯೂ ಹಾವಳಿ ಹೆಚ್ಚಿದ 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವವರಿಗೆ ದಂಡವನ್ನೂ ವಿಧಿಸಿತು. ನೀರನ್ನು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸೀಸೆಯ ಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಗೋಡೆಯನ್ನು ಉಜ್ಜಿ ತೊಳೆದು, ಹೊಸ ದ್ರಾವಣ ತುಂಬಿ, ಸೀಸೆಯ ಬಾಯಿಗೆ ಕಾಂಡದ ಸುತ್ತ ಹತ್ತಿ ತುರುಕಬೇಕು. ಮಾರಾಟಕ್ಕೆ ಗಿಡ ಬೆಳೆಸುವವರು ಸೀಸೆಗಿಂತ ಬೆಣಚುಕಲ್ಲು ಅಥವಾ ನಾರಿನ ಪುಡಿಯ ಕುಂಡವನ್ನು ಆರಿಸಿಕೊಳ್ಳುವುದು ಮೇಲು. ಅಲ್ಲಿ ತೆರೆದ ನೀರೇ ಇರುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು.

ಕುಂಡಕ್ಕೆ ಹಾಕುವ ಕಲ್ಲು ಸುಣ್ಣಕಲ್ಲಾಗಿರಬಾರದು. ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆಗುಳ್ಳೆ ಎದ್ದರೆ ಅದನ್ನು ಬಿಡಬೇಕು. ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು ಅಗ್ಗ ಮತ್ತು ಉತ್ತಮ. ತಿಪಟೂರು, ಅರಸೀಕೆರೆ ಕಡೆಯ ನಾರಿನ ಪುಡಿ ಬಳಸುವವರು ಅದನ್ನು ಮೊದಲು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಅದರಲ್ಲಿ ಪೊಟ್ಯಾಷ್ ಮತ್ತು ಸೋಡಿಯಂ ಹೆಚ್ಚು. ಅನಂತರ ಲೀಟರಿಗೆ 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಬಸಿದು, ಮತ್ತೊಮ್ಮೆ ತೊಳೆದು ಬಳಸಬೇಕು. ಹಾಗೆ ಮಾಡದಿದ್ದರೆ ಮೊದಲ ವಾರಗಳಲ್ಲಿ ನಾವು ಕೊಟ್ಟ ಸುಣ್ಣವನ್ನೆಲ್ಲ ನಾರಿನ ಪುಡಿಯೇ ಹಿಡಿದುಕೊಳ್ಳುತ್ತದೆ. ಕುಂಡಗಳಿಗೆ ವಾರಕ್ಕೆ ಎರಡು ಸಲ ದ್ರಾವಣ ಹಾಕಿ, ನಡುವೆ ಒಣಗಿದರೆ ಬರೀ ನೀರು ಕೊಡಬೇಕು. ತಿಂಗಳಿಗೆರಡು ಸಲ ಕುಂಡದ ತಳದಿಂದ ಇಳಿದುಹೋಗುವಷ್ಟು ಬರೀ ನೀರು ಹಾಕಿ ಉಳಿದ ಲವಣವನ್ನು ತೊಳೆದುಬಿಡಬೇಕು.

ಗಿಡ ತೋರುವ ಗುರುತುಗಳು

ಹೊಲದ ಬೆಳೆಯನ್ನು ನೋಡಿ ಬಲ್ಲವರಿಗೆ ಇವು ಪರಿಚಿತವೇ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಅದೇ ಗುರುತು ತುದಿಯ ಎಳೆಯ ಎಲೆಯಲ್ಲಿ ಕಂಡರೆ ಕಬ್ಬಿಣ. ಆಗ ಕಬ್ಬಿಣ ಸುರಿಯುವ ಮೊದಲು ರಸಸಾರವನ್ನು ನೋಡಬೇಕು. ಎಳೆಯ ಎಲೆಯ ತುದಿ ಮುದುಡಿ ಸತ್ತರೆ ಸುಣ್ಣ ಸಾಲದೆಂದು ಅರ್ಥ. ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗುವುದೂ ಇದೇ ಜಾತಿಯ ರೋಗ. ಹಳೆಯ ಎಲೆಯ ಅಂಚು ಸುಟ್ಟು ಕಲ್ಲಿನ ಮೇಲೆ ಬಿಳಿ ಪುಡಿ ಕಂಡರೆ ಲವಣ ಹೆಚ್ಚಾಗಿದೆ, ಗೊಬ್ಬರ ನಿಲ್ಲಿಸಿ ಬರೀ ನೀರಿನಿಂದ ತೊಳೆಯಬೇಕು. ಎಲೆ ಹಳದಿಯಾದ ಕೂಡಲೇ ಇನ್ನಷ್ಟು ಗೊಬ್ಬರ ಹಾಕುವ ನಮ್ಮವರ ಅಭ್ಯಾಸ ಹೊಲದಲ್ಲಿ ಹಣ ಕಳೆಯುತ್ತದೆ, ಸೀಸೆಯಲ್ಲಿ ಗಿಡವನ್ನೇ ಕಳೆಯುತ್ತದೆ. ಮೊದಲು ಬೇರನ್ನು ಎತ್ತಿ ನೋಡಿ. ಬೇರು ಬಿಳಿಯಾಗಿದ್ದರೆ ಸಮಯವಿದೆ. ಕಂದಾಗಿ ಲೋಳೆಯಾಗಿದ್ದರೆ ಆ ಭಾಗವನ್ನು ಕತ್ತರಿಸಿ, ಬರೀ ನೀರಿನಲ್ಲಿ ಹೊಸ ಬೇರು ಬರುವವರೆಗೆ ಕಾಯಬೇಕು.

ಜೋಪಾನ

ಮೂಲ ದ್ರಾವಣಗಳನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಸೀಸೆಗಳಲ್ಲಿ ತುಂಬಿಡಬಾರದು. ದಪ್ಪ ಅಕ್ಷರದಲ್ಲಿ ಹೆಸರು ಮತ್ತು ತಯಾರಿಸಿದ ದಿನಾಂಕ ಬರೆದು, ಮಕ್ಕಳ ಕೈಗೆ ಸಿಗದಂತೆ, ಬೆಳಕು ಬೀಳದ ಕಪಾಟಿನಲ್ಲಿ ಇಡಬೇಕು. ಬೆಳಕಿನಲ್ಲಿಟ್ಟರೆ 'ಅ' ಸೀಸೆಯ ಕಬ್ಬಿಣ ಕೆಡುತ್ತದೆ. ನೈಟ್ರೇಟ್ ಗೊಬ್ಬರಗಳು ಗಾಳಿಯ ತೇವ ಹೀರಿ ನೀರಾಗುವುದರಿಂದ ಬಿಗಿ ಮುಚ್ಚಳದ ಡಬ್ಬಿ ಬೇಕು. ಒಲೆ, ಸೀಮೆಎಣ್ಣೆ, ಹುಲ್ಲಿನ ಮೆದೆ ಇವುಗಳಿಂದ ದೂರವಿಡಬೇಕು, ಏಕೆಂದರೆ ಬೆಂಕಿ ಬಿದ್ದಾಗ ಅವು ಉರಿಯನ್ನು ಹೆಚ್ಚಿಸುತ್ತವೆ. ಗೊಬ್ಬರ ಕಲಕಿದ ಬಕೆಟ್ಟಿನಲ್ಲಿ ದನಗಳಿಗೆ ನೀರಿಡಬೇಡಿ, ನೈಟ್ರೇಟ್ ದನಗಳಿಗೆ ವಿಷ. ಪ್ರತಿ ವಾರ ಸೀಸೆಗಳಿಂದ ತೆಗೆದ ಹಳೆಯ ದ್ರಾವಣವನ್ನು ಚರಂಡಿಗೆ ಚೆಲ್ಲದೆ ತೆಂಗಿನ ಅಥವಾ ಬಾಳೆಯ ಪಾತಿಗೆ ಹಾಕಿದರೆ ಉಳಿದ ಗೊಬ್ಬರವೂ ವ್ಯರ್ಥವಾಗುವುದಿಲ್ಲ.